ಅಂಟು ಮೇಸ್ತ್ರಿಯ ಅರವತ್ತನಾಲ್ಕು ಕೀಲುಗಳು

ಅಂಟು ಮೇಸ್ತ್ರಿ ಎಂದರೆ ಆ ಬಡಾವಣೆಯಲ್ಲಿ ಯಾರಿಗೂ ಎರಡನೇ ಸಲ ಹೇಳಬೇಕಾಗಿರಲಿಲ್ಲ. ಆ ಹೆಸರು ಬಂದದ್ದು ಒಂದು ಸ್ಟೂಲಿನಿಂದ. ಮದುವೆಯಾದ ವರ್ಷ ಹೆಂಡತಿಗೆಂದು ಅವನು ಮಾಡಿಕೊಟ್ಟ ಸ್ಟೂಲು ಅದು. ಮನೆ ಬದಲಾಯಿಸುವಾಗ ಎರಡನೇ ಮಹಡಿಯಿಂದ ಜಾರಿ ಕೆಳಗಿನ ಕಲ್ಲುಹಾಸಿನ ಮೇಲೆ ಬಿತ್ತು. ಒಂದು ಕಾಲು ನಡುವಿಗೇ ಮುರಿಯಿತು. ಆ ಕಾಲು ಕೂತಿದ್ದ ಕೀಲು ಮಾತ್ರ ಕೂದಲೆಳೆಯಷ್ಟೂ ಬಿಡಲಿಲ್ಲ. ನೋಡಿದ ನಾಲ್ಕು ಜನ ನಲವತ್ತು ಜನಕ್ಕೆ ಹೇಳಿದರು, ಬಡಗಿ ಮೇಸ್ತ್ರಿ ಅಂಟು ಮೇಸ್ತ್ರಿಯಾದ. ಮುರಿದ ಕಾಲಿಗೆ ತೇಪೆ ಹಾಕಿಸಿಕೊಂಡು ಆ ಸ್ಟೂಲು ಮೂವತ್ತೈದು ವರ್ಷದಿಂದ ಅಡುಗೆಮನೆಯ ಮೂಲೆಯಲ್ಲಿ ಕೂತಿತ್ತು. ಮನೆಗೆ ಹೊಸಬರು ಯಾರೇ ಬರಲಿ, ಅದನ್ನು ತಲೆಕೆಳಗು ಮಾಡಿ ತೋರಿಸದೆ ಮೇಸ್ತ್ರಿ ಅವರನ್ನು ಚಹಾ ಕುಡಿಯಲು ಬಿಡುತ್ತಿರಲಿಲ್ಲ.

ಕೀಲು ಎಂದರೆ ಇಷ್ಟೇ. ಒಂದು ಮರದ ತುದಿಯನ್ನು ನಾಲಗೆಯ ಹಾಗೆ ತೆಳುವಾಗಿ ಕೊರೆಯಬೇಕು, ಇನ್ನೊಂದು ಮರದಲ್ಲಿ ಅದಕ್ಕೆ ತಕ್ಕ ಬಾಯಿ ತೆಗೆಯಬೇಕು, ನಾಲಗೆಯನ್ನು ಬಾಯೊಳಗೆ ಕೂರಿಸಬೇಕು. ಹೇಳುವುದು ಸುಲಭ; ಕೂರಿಸುವುದಕ್ಕೆ ಅರ್ಧ ಆಯುಷ್ಯ ಬೇಕು. ಕೂರಿಸುವ ಮುನ್ನ ಮೇಸ್ತ್ರಿಯ ಎಡಗೈ ತಾನಾಗಿ ಪಕ್ಕದ ಅಂಟಿನ ಪಾತ್ರೆಗೆ ಹೋಗಿ ಕುಂಚ ಎತ್ತಿಕೊಳ್ಳುತ್ತಿತ್ತು. ಅಂಗಡಿಯಲ್ಲಿ ಸಿಗುವ ಬಿಳಿ ಅಂಟಿನ ಡಬ್ಬಿಯನ್ನು ಅವನು ಕಣ್ಣೆತ್ತಿಯೂ ನೋಡಿದವನಲ್ಲ. ಅಪ್ಪನ ಕಾಲದ ಹಾಗೆ ಚರ್ಮ ಮೂಳೆಗಳಿಂದ ಮಾಡಿದ ಸರೇಸು ಎಂಬ ಅಂಟಿನ ತುಂಡುಗಳನ್ನು ನೆನೆಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ನಾರುವ ಆ ಕಂದು ಪಾಕವನ್ನೇ ಹಚ್ಚುತ್ತಿದ್ದ. ಕೆಲಸ ಕಲಿಯುವ ವಯಸ್ಸಿನಲ್ಲಿ ಒಮ್ಮೆ ಅವಸರದಲ್ಲಿ ಅಂಟು ಹಚ್ಚದೆ ಚಾವಣಿಯ ತೊಲೆಯೊಂದನ್ನು ಕೂರಿಸಿದ್ದನಂತೆ. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಒಂದೇ ಒಂದು ಮಾತು ಕೇಳಿದ್ದ: "ಒಣ ಕೀಲಿನ ಕೆಳಗೆ ನಾಳೆ ನಿನ್ನ ಹೆಂಡ್ತೀನ ಕೂರಿಸ್ತೀಯೇನೋ?" ಆಗ ಅವನಿಗೆ ಹೆಂಡತಿಯೂ ಇರಲಿಲ್ಲ, ಮೀಸೆಯೂ ಇರಲಿಲ್ಲ. ಆದರೂ ಆ ಮಾತು ತಲೆಯಲ್ಲಿ ಉಳಿದುಕೊಂಡುಬಿಟ್ಟಿತು.

ಇಂಥ ಮನೆಗೆ ಸೊಸೆ ಬಂದಳು. ಕಟ್ಟಡಗಳ ನಕ್ಷೆ ಮಾಡುವ ಕಚೇರಿಯೊಂದರಲ್ಲಿ ಅವಳಿಗೆ ಕೆಲಸ. ಮಗ ಬಸ್ಸು ಓಡಿಸುತ್ತಿದ್ದ. ದಿನವೂ ಅವನ ಬಸ್ಸಿನಲ್ಲೇ ಹೋಗಿ ಬಂದು ಅವಳು ಅವನನ್ನು ಮೆಚ್ಚಿಕೊಂಡದ್ದು. "ಬ್ರೇಕು ಹಾಕೋದು ನೋಡಿ ಒಪ್ಪಿದೆ" ಎಂದು ಅತ್ತೆಯ ಹತ್ತಿರ ಹೇಳಿದ್ದಳು. ಬಂದ ಮೊದಲ ದಿನವೇ ಮೇಸ್ತ್ರಿ ಪದ್ಧತಿಯಂತೆ ಸ್ಟೂಲು ತಂದು ತಲೆಕೆಳಗು ಮಾಡಿ ಅವಳ ಮುಂದೆ ಇಟ್ಟ. ಅವಳು ಬೇರೆಯವರ ಹಾಗೆ ಬಾಯಿ ತೆರೆದು ಮೆಚ್ಚಲಿಲ್ಲ. ಹೆಬ್ಬೆರಳಿನಿಂದ ಕೀಲನ್ನು ಸವರಿ ನೋಡಿ, "ತುಂಬ ಚೆನ್ನಾಗಿದೆ ಮಾವ. ಆದ್ರೆ ಈ ತೇಪೆ ಹಾಕಿದ ಕಾಲನ್ನ ಪೂರ್ತಿ ಬದಲಾಯಿಸ್ಬೇಕಾದ್ರೆ ಹೇಗೆ ಬಿಚ್ಚೋದು?" ಎಂದು ಕೇಳಿದಳು.

ಮೇಸ್ತ್ರಿ ಕಣ್ಣು ಕಣ್ಣು ಬಿಟ್ಟ. ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಬಿಚ್ಚುವುದೇ ಆಗಿದ್ದರೆ ತನ್ನ ಹೆಸರಿಗೆ ಅರ್ಥವೇನು ಎಂದು ಅವನಿಗೆ ತಿಳಿಯಲಿಲ್ಲ. ಹುಡುಗಿ ಕುಚೋದ್ಯ ಮಾಡುತ್ತಿದ್ದಾಳೆಯೇ, ನಿಜವಾಗಿ ಕೇಳುತ್ತಿದ್ದಾಳೆಯೇ ಎನ್ನುವುದೂ ತಿಳಿಯಲಿಲ್ಲ. "ಚಹಾ ಕುಡಿಯಮ್ಮ" ಎಂದು ಸ್ಟೂಲು ಎತ್ತಿಕೊಂಡು ಒಳಗೆ ಹೋದ.

ಅದಾಗಿ ಮೂರು ವರ್ಷಕ್ಕೆ ಹಾಲ್‌ನ ವಿಷಯ ಬಂತು. ಬಡಾವಣೆಯಲ್ಲಿ ಹತ್ತು ಜನ ಒಟ್ಟಿಗೆ ಕೂರುವುದಕ್ಕೆ ಜಾಗವಿರಲಿಲ್ಲ. ಮೇಸ್ತ್ರಿಯ ಹೆಂಡತಿ ಹೊಲಿಗೆ ಕಲಿಸುವವಳು. ಎರಡು ಕೋಣೆಯ ಮನೆಯಲ್ಲಿ ಐದು ಮಿಷನ್ನು, ಒಂಬತ್ತು ಹೆಂಗಸರು. ಬಚ್ಚಲಿಗೆ ಹೋಗಬೇಕಾದವರು ಅಡ್ಡಡ್ಡ ನಡೆಯಬೇಕು. ಚಿಕ್ಕ ಮಕ್ಕಳು ಮೆಟ್ಟಿಲ ಮೇಲೆ ಆಡುತ್ತಿದ್ದರು, ಮುದುಕರು ಅದೇ ಮೆಟ್ಟಿಲ ಕೆಳಗೆ ಪೇಪರು ಓದುತ್ತಿದ್ದರು, ದಿನಕ್ಕೊಂದು ಜಗಳ ಗ್ಯಾರಂಟಿ. ನೀರಿನ ಟ್ಯಾಂಕಿನ ಪಕ್ಕ ಒಂದು ಖಾಲಿ ಜಾಗವಿತ್ತು. ಬಡಾವಣೆಯ ಸಂಘದವರು ನೀರಿನ ಇಲಾಖೆಗೆ ಅಲೆದು ಅಲೆದು ಹನ್ನೆರಡು ವರ್ಷದ ಮಟ್ಟಿಗೆ ಆ ಜಾಗಕ್ಕೆ ಒಪ್ಪಿಗೆ ತಂದರು. ಆದರೆ ಅದರ ಅಡಿಯಲ್ಲಿ ಹಳೆಯ ದೊಡ್ಡ ಪೈಪು ಹೋಗಿತ್ತು. ಎಂದಾದರೂ ಅದನ್ನು ಅಗೆಯಬೇಕಾಗಿ ಬಂದರೆ ಕಟ್ಟಡ ಬಿಚ್ಚಿ ಎತ್ತಿಕೊಂಡು ಹೋಗುವಂತಿರಬೇಕು. ಮರದ ಚೌಕಟ್ಟು ನಿಂತ ಮೇಲೆ, ಹೊದಿಕೆ ಹಾಕುವ ಮುನ್ನ, ಇಲಾಖೆಯ ಅಧಿಕಾರಿ ಬಂದು ತನಗೆ ಬೇಕಾದ ಒಂದು ಕೀಲನ್ನು ಆರಿಸಿ ಬಿಚ್ಚಿಸಿ ನೋಡುತ್ತಾನೆ. ಬಿಚ್ಚಿಕೊಂಡರೆ ಸಹಿ; ಇಲ್ಲದಿದ್ದರೆ ಜಾಗ ವಾಪಸ್ಸು.

ನಕ್ಷೆ ಸೊಸೆಯದು. ಅವಳದೇ ಎಂದು ಹೇಳಿಕೊಳ್ಳಬಹುದಾದ ಮೊದಲ ಕಟ್ಟಡ. ಕಟ್ಟುವುದು ಮೇಸ್ತ್ರಿ. ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಅವಳು ಒಂದೊಂದಾಗಿ ವಿವರಿಸಿದಳು. ಒಂದೇ ಒಂದು ದೊಡ್ಡ ಮರವನ್ನೂ ಇದಕ್ಕಾಗಿ ಕಡಿಯುವುದಿಲ್ಲ. ಅರ್ಧ ಮರ ಕೆಡವಿದ ಗೋದಾಮಿನದು. ಇನ್ನರ್ಧ ತೋಪಿನಲ್ಲಿ ಒತ್ತಾಗಿ ಬೆಳೆದು ಹೇಗೂ ತೆಗೆಯಬೇಕಾಗಿದ್ದ ಸಣ್ಣ ಮರಗಳದು. ಕಂಬಗಳು ನೆಲ ಮುಟ್ಟದೆ ಕಲ್ಲುಗಳ ಮೇಲೆ ನಿಲ್ಲುತ್ತವೆ, ಹಾಗಾಗಿ ಬುಡ ಕೊಳೆಯುವುದಿಲ್ಲ. ಸೂರು ಮೂರಡಿ ಹೊರಗೆ ಚಾಚಿರುತ್ತದೆ, ಹಾಗಾಗಿ ಗೋಡೆ ನೆನೆಯುವುದಿಲ್ಲ. ಎಂಟು ಚೌಕಟ್ಟು, ಒಂದೊಂದಕ್ಕೆ ಎಂಟು ಕೀಲು, ಒಟ್ಟು ಅರವತ್ತನಾಲ್ಕು. ಮೊಳೆ ಇಲ್ಲ, ಅಂಟು ಇಲ್ಲ. ಪ್ರತಿ ಕೀಲಿಗೂ ಅಡ್ಡಲಾಗಿ ಗಟ್ಟಿ ಮರದ ಒಂದು ಗೂಟ. ಗೂಟ ಬಡಿದರೆ ಕೀಲು ಬಿಗಿಯುತ್ತದೆ, ಗೂಟ ತೆಗೆದರೆ ಕೀಲು ಬಿಚ್ಚುತ್ತದೆ.

"ಅಲ್ಲಮ್ಮ, ಬಿಚ್ಚೋಕೇ ಅಂತ ಕಟ್ಟೋದಾದ್ರೆ ಕಟ್ಟೋದು ಯಾತಕ್ಕೆ?" ಎಂದ ಮೇಸ್ತ್ರಿ.

"ಬಿಚ್ಚೋಕೆ ಅಲ್ಲ ಮಾವ. ಬಿಚ್ಚೋ ಹಾಗೆ. ಈ ಮರ ಮೊದ್ಲು ಗೋದಾಮಾಗಿತ್ತು, ಈಗ ಹಾಲ್ ಆಗತ್ತೆ, ಆಮೇಲೆ ಇನ್ನೇನೋ ಆಗ್ಲಿ. ಅಂಟಿಸಿಬಿಟ್ರೆ ಕೊನೆಗೆ ಸೌದೆ ಅಷ್ಟೆ."

ಮಿಷನ್ನಿನ ಹಿಂದಿನಿಂದ ಹೆಂಡತಿ ಬಾಯಿ ಹಾಕಿದಳು. "ಸರಿಯಾಗೇ ಹೇಳ್ತಿದಾಳೆ. ಬಿಚ್ಚೋಕೆ ಬರದ ಹೊಲಿಗೆ ಹಾಕಿದ್ರೆ ನನ್ನ ಹತ್ರ ಯಾರು ಬರ್ತಾರೆ? ಮಗು ಬೆಳೆಯತ್ತೆ, ಅಮ್ಮ ದಪ್ಪ ಆಗ್ತಾಳೆ. ಒಳಗೆ ಒಂದಿಂಚು ಬಟ್ಟೆ ಬಿಟ್ಟಿರ್ತೀನಿ, ಬಿಚ್ಚಿ ಅಗಲ ಮಾಡಿಕೊಡ್ತೀನಿ."

"ನಿನ್ನ ಲಂಗ ಬಿಚ್ಚಿಹೋದ್ರೆ ಯಾರೂ ಸಾಯಲ್ಲ ಕಣೆ."

"ಉಟ್ಟವಳು ನಾಚಿಕೆಗೆ ಸಾಯ್ತಾಳೆ" ಎಂದಳು ಹೆಂಡತಿ, ಮಿಷನ್ನು ತುಳಿಯುವುದನ್ನು ನಿಲ್ಲಿಸದೆ. ಸೊಸೆ ನಕ್ಕಳು. ಮೇಸ್ತ್ರಿಯೂ ನಕ್ಕ, ಆದರೆ ಒಳಗೆ ಎಲ್ಲವೂ ಕಲಸುಮೇಲೋಗರ. ಒಪ್ಪಿಕೊಳ್ಳದೆ ಇರಲು ಕಾರಣ ಸಿಗಲಿಲ್ಲ. ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಸೊಸೆಯ ಮುಖ ನೋಡಿದ, ಹೂಂ ಎಂದ.

ಕೆಲಸ ಶುರುವಾಯಿತು. ಜೊತೆಗೆ ಅವನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಗರಗಸ ಎಳೆಯುವುದರಲ್ಲಿ ನಿಪುಣ, ಮಾತು ಎಳೆಯುವುದರಲ್ಲಿ ಇನ್ನೂ ನಿಪುಣ. ಟ್ಯಾಂಕಿನ ನೆರಳಿನಲ್ಲಿ ಚೌಕಟ್ಟುಗಳನ್ನು ನೆಲದ ಮೇಲೆ ಮಲಗಿಸಿಯೇ ಕೂಡಿಸಿ, ಗೂಟ ಬಡಿದು, ಆಮೇಲೆ ಎತ್ತಿ ನಿಲ್ಲಿಸುತ್ತಿದ್ದರು. ಸೊಸೆ ಬೆಳಿಗ್ಗೆ ಕಚೇರಿಗೆ ಹೋಗುವ ಮುನ್ನ ಬಂದು ನೋಡಿ, ಹಿಂದಿನ ದಿನ ಬಡಿದ ಗೂಟಗಳ ಮೇಲಿಂದ ಪಕ್ಕದ ಮರದವರೆಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಹೋಗುತ್ತಿದ್ದಳು. ಕಿಟಕಿ, ಬಾಗಿಲು, ಬೆಂಚುಗಳಿಗೆ ಅಂಟು ಹಚ್ಚಬಹುದು, ಅವು ಇಡಿಯಾಗಿ ಎತ್ತಿಕೊಂಡು ಹೋಗುವ ಸಾಮಾನು ಎಂದು ಅವಳೇ ಹೇಳಿದ್ದಳು. ಹಾಗಾಗಿ ಸರೇಸಿನ ಪಾತ್ರೆ ಸ್ಟೌವಿನ ಮೇಲೆ ಯಾವಾಗಲೂ ಬಿಸಿಯಾಗೇ ಇರುತ್ತಿತ್ತು, ಮೇಸ್ತ್ರಿಯ ಎಡಗೈಗೆ ಎಟುಕುವಷ್ಟು ಹತ್ತಿರ. ಅಲ್ಲೇ ಎಡವಟ್ಟಾಯಿತು.

ಅದು ಅವನಿಗೆ ಗೊತ್ತಾದದ್ದು ಕೆಲಸ ಮುಗಿಯಲು ಎರಡು ದಿನ ಇದ್ದಾಗ. ನಾಲಗೆಯನ್ನು ಬಾಯಿಗೆ ಕೂರಿಸಿ, ಸುತ್ತಿಗೆ ಎತ್ತಲು ಹೋದರೆ ಕೈಯಲ್ಲಿ ಸುತ್ತಿಗೆ ಇಲ್ಲ, ಕುಂಚ ಇದೆ. ಕುಂಚದ ತುದಿಯಲ್ಲಿ ಅಂಟು ಇಲ್ಲ. ಈಗಷ್ಟೇ ಎಲ್ಲಿಗೋ ಬಳಿದು ಖಾಲಿಯಾಗಿದೆ. ಎಲ್ಲಿಗೆ ಎಂದು ನೋಡುವುದಕ್ಕೇನು, ಕೀಲಿನ ಅಂಚಿನಲ್ಲಿ ಕಂದು ಹನಿ ಉಕ್ಕಿ ನಿಂತಿತ್ತು. ಬಟ್ಟೆಯಿಂದ ಹನಿ ಒರೆಸಿದ. ಯಾಕೆ ಒರೆಸಿದ, ಯಾಕೆ ಆಗಲೇ ಕೀಲನ್ನು ಎಳೆದು ಹಾಕಲಿಲ್ಲ ಎಂದು ಆಮೇಲೆ ನೂರು ಸಲ ಕೇಳಿಕೊಂಡ. ಆ ಕ್ಷಣಕ್ಕೆ ಒರೆಸಿದ, ಅಷ್ಟೆ.

ಇದೊಂದೇಯೋ, ಇನ್ನೂ ಇವೆಯೋ? ಎಷ್ಟು ದಿನದಿಂದ ಈ ಕೈ ಹೀಗೆ ಮಾಡುತ್ತಿದೆ? ನೆನಪು ಮಾಡಿಕೊಳ್ಳಲು ನೋಡಿದರೆ ನಲವತ್ತು ವರ್ಷದ ಕೀಲುಗಳೆಲ್ಲ ಒಟ್ಟಿಗೆ ನೆನಪಾಗುತ್ತಿದ್ದವು. ಮಾರನೆಯ ದಿನ ಷಡ್ಡಕ ಊಟಕ್ಕೆ ಹೋದಾಗ ಮೇಸ್ತ್ರಿ ಒಬ್ಬನೇ ಉಳಿದು, ಮೊದಲನೇ ಚೌಕಟ್ಟಿನ ಒಂದು ಗೂಟ ತೆಗೆದು ಮರದ ಸುತ್ತಿಗೆಯಿಂದ ತಟ್ಟಿದ. ಕೀಲು ಕೂದಲೆಳೆಯಷ್ಟು ಸರಿಯಿತು. ಉಸಿರು ಬಂತು. ಏಳನೇ ಚೌಕಟ್ಟಿನದೊಂದು ತಟ್ಟಿದ. ಅದು ಕದಲಲಿಲ್ಲ. ಇನ್ನೊಂದು ಸಲ ತಟ್ಟಿದ. ಕಲ್ಲನ್ನು ತಟ್ಟಿದಂತಾಯಿತು. ಮೂರನೇ ಕೀಲನ್ನು ಮುಟ್ಟುವ ಧೈರ್ಯ ಬರಲಿಲ್ಲ. ಗೂಟಗಳನ್ನು ವಾಪಸ್ಸು ಬಡಿದು, ಸೊಸೆಯ ಪೆನ್ಸಿಲ್ ಗೆರೆ ಸರಿಯಾಗಿ ಕೂಡಿದೆಯೇ ಎಂದು ಕಳ್ಳನ ಹಾಗೆ ನೋಡಿ ಕೂತುಬಿಟ್ಟ.

ಷಡ್ಡಕನನ್ನು ಕೇಳಿದರೆ, "ನೀನು ಹಚ್ತಿದ್ದುದನ್ನ ನೋಡ್ದೆ ಕಣಯ್ಯ. ಹೇಳಿದ್ರೆ ಬೈತೀಯ ಅಂತ ಸುಮ್ನಿದ್ದೆ" ಎಂದ.

"ಯಾವ್ಯಾವುದಕ್ಕೆ?"

"ಅದು ನಂಗೆ ಹೇಗೆ ನೆನಪಿರತ್ತೆ? ನಾನು ಮಾತಾಡ್ತಿದ್ದೆ." ಆಮೇಲೆ ಸಮಾಧಾನ ಹೇಳಿದ: "ಅರವತ್ತನಾಲ್ಕರಲ್ಲಿ ಅವ್ರು ನೋಡೋದು ಒಂದು. ಹೆದರಬೇಡ. ಬಾಯಿ ಮುಚ್ಕೊಂಡಿರು."

ಮೇಸ್ತ್ರಿ ಬಾಯಿ ಮುಚ್ಚಿಕೊಂಡಿದ್ದ. ಆದರೆ ಊಟ ಸೇರಲಿಲ್ಲ. ಸೊಸೆ ಬೆಳಿಗ್ಗೆ ಚಹಾ ಕೊಟ್ಟರೆ ಅವಳ ಮುಖ ನೋಡುವುದಕ್ಕಾಗದೆ ಲೋಟದೊಳಗೆ ನೋಡುತ್ತಿದ್ದ. ಹೇಳಿಬಿಡಬೇಕು ಎನಿಸುತ್ತಿತ್ತು, ಏನೆಂದು ಹೇಳುವುದು? ಮರೆತು ಹಚ್ಚಿದೆ ಎಂದರೆ ಮುದುಕನಿಗೆ ಅರಳುಮರಳು ಎನ್ನುತ್ತಾರೆ. ಬೇಕೆಂದು ಹಚ್ಚಿದೆ ಎಂದರೆ ದ್ರೋಹ. ಎರಡರಲ್ಲಿ ಯಾವುದು ನಿಜ ಎಂದು ಅವನಿಗೇ ಗೊತ್ತಿರಲಿಲ್ಲ, ಅದೇ ದೊಡ್ಡ ಫಜೀತಿ.

ಶನಿವಾರ ಅಧಿಕಾರಿ ಬಂದ. ಮೃದು ಮಾತಿನ, ಬೆವರುವ ಮನುಷ್ಯ, ಕಂಕುಳಲ್ಲಿ ಫೈಲು. ಸಂಘದವರೆಲ್ಲ ನೆರೆದಿದ್ದರು, ಹೊಲಿಗೆಯ ಹೆಂಗಸರು ಟ್ಯಾಂಕಿನ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು. ಅಧಿಕಾರಿ ಎಂಟೂ ಚೌಕಟ್ಟುಗಳ ನಡುವೆ ಎರಡು ಸುತ್ತು ತಿರುಗಿ, ಮೂರನೆಯದರ ಒಂದು ಕೀಲಿಗೆ ಬೆರಳು ತೋರಿಸಿದ. ಆಸರೆ ಕೊಟ್ಟರು. ಷಡ್ಡಕ ಗೂಟ ತೆಗೆದ. ಮೇಸ್ತ್ರಿ ಮೂರು ಸಲ ತಟ್ಟಿದ. ನಾಲಗೆ ಬಾಯಿಂದ ಸಲೀಸಾಗಿ, ಅಂಟಿನ ಪಸೆಯೇ ಇಲ್ಲದೆ, ಹೊರಗೆ ಬಂತು.

ಚಪ್ಪಾಳೆ ಬಿತ್ತು. ಸೊಸೆ ತಿರುಗಿ ಮಾವನ ಕಡೆ ನೋಡಿದಳು. "ಇದು ನಿಮ್ಮ ಕೈ ಮಾವ. ನಕ್ಷೆ ಯಾರು ಬೇಕಾದ್ರೂ ಮಾಡ್ತಾರೆ" ಎಂದಳು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆಯುತ್ತ, "ಹನ್ನೆರಡು ವರ್ಷ ಆದ್ಮೇಲೆ ಬಿಚ್ಚೋಕೆ ನೀವೇ ಬರ್ಬೇಕು ಮೇಡಂ, ನಿಮ್ಮ ಹೆಸರೇ ಹಾಕಿರ್ತೀನಿ" ಎಂದ.

ಆಗ ಮೇಸ್ತ್ರಿಗೆ ಕಣ್ಣಿಗೆ ಕಟ್ಟಿದಂತಾಯಿತು. ಹನ್ನೆರಡು ವರ್ಷದ ಮೇಲೆ ತಾನಿರುವುದಿಲ್ಲ, ಇದ್ದರೂ ಕೈಯಲ್ಲಿ ಸುತ್ತಿಗೆ ಇರುವುದಿಲ್ಲ. ಸೊಸೆ ಇದೇ ಜಾಗದಲ್ಲಿ ನಿಂತು ಗೂಟ ತೆಗೆಸುತ್ತಾಳೆ, ತಟ್ಟಿಸುತ್ತಾಳೆ, ಅದು ಕದಲುವುದಿಲ್ಲ. ಯಾಕೆ ಎಂದು ಹೇಳುವವರು ಯಾರೂ ಇರುವುದಿಲ್ಲ. ತನ್ನ ಲೆಕ್ಕವೇ ತಪ್ಪಿತು ಎಂದುಕೊಳ್ಳುತ್ತಾಳೆ.

"ಸ್ವಾಮಿ, ಸಹಿ ಹಾಕಬೇಡಿ" ಎಂದ. "ಏಳನೇದರಲ್ಲಿ ಒಂದು ನೋಡಿ."

ಏಳನೆಯದರ ಗೂಟ ತೆಗೆದು ತಟ್ಟಿದರೆ ಕೀಲು ಕದಲಲಿಲ್ಲ. ಕಟ್ಟೆಯ ಮೇಲಿದ್ದವರು ಎದ್ದು ನಿಂತರು.

"ಅಂಟಾ?" ಎಂದಳು ಸೊಸೆ.

"ಹೌದಮ್ಮ."

"ಯಾವ್ಯಾವುದಕ್ಕೆ?"

"ಗೊತ್ತಿಲ್ಲ."

"ಎಷ್ಟಕ್ಕೆ?"

"ಅದೂ ಗೊತ್ತಿಲ್ಲ."

"ಯಾಕೆ ಮಾವ?"

ಮೇಸ್ತ್ರಿ ತನ್ನ ಎಡಗೈಯನ್ನು ಯಾರದೋ ಕೈ ಎಂಬಂತೆ ನೋಡಿಕೊಂಡ. "ಅದೇ ಗೊತ್ತಾಗ್ತಿಲ್ಲಮ್ಮ."

ಅವಳು ಕೂಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ನಕ್ಷೆ ಸುತ್ತಿಕೊಂಡಳು, ಅಷ್ಟೆ. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ. ಕೆಟ್ಟವನಲ್ಲ, ಆದರೆ ಅವನ ಮೇಲೂ ಒಬ್ಬರಿದ್ದರು. "ಶುಕ್ರವಾರ ಫೈಲು ಮೇಲೆ ಹೋಗ್ಬೇಕು. ಗುರುವಾರ ಇನ್ನೊಂದು ಸಲ ಬರ್ತೀನಿ. ಆಗ್ಲೂ ಹೀಗೇ ಆದ್ರೆ ಇಲ್ಲಿ ಪೈಪು ತಂದು ಪೇರಿಸ್ತಾರೆ, ನನ್ನ ಕೈಲಿ ಏನೂ ಇಲ್ಲ" ಎಂದು ಹೇಳಿ ಹೊರಟುಹೋದ.

ಸಂಜೆ ಮಗ ಡ್ಯೂಟಿ ಮುಗಿಸಿ ಬಂದು, ವಿಷಯ ಕೇಳಿ, ಬಾಯಿ ಬಿಡದಿರುವುದೇ ಕ್ಷೇಮ ಎಂದು ಬಟ್ಟೆ ಒಗೆಯಲು ಕೂತ. ಸೊಸೆ ಮೇಜಿನ ಹತ್ತಿರ ಲೆಕ್ಕ ಹಾಕುತ್ತಿದ್ದಳು: ಅಂಟಿದ ಕೀಲನ್ನು ಗರಗಸದಿಂದ ಕತ್ತರಿಸಿದರೆ ನಾಲಗೆಯಷ್ಟು ಮರ ಹೋಗುತ್ತದೆ, ಆ ಮರ ಗಿಡ್ಡವಾಗುತ್ತದೆ, ಹೊಸದು ತರಬೇಕು, ಗೋದಾಮಿನ ಮರ ಮುಗಿದಿದೆ. ನಾಲ್ಕು ದಿನದಲ್ಲಿ ಆಗುವ ಕೆಲಸವಲ್ಲ.

ಹೆಂಡತಿ ಇಸ್ತ್ರಿ ಮಾಡುತ್ತಿದ್ದವಳು ನಿಲ್ಲಿಸಿದಳು. "ಯಾವ ಅಂಟು ಹಾಕಿದ್ದು? ಅಂಗಡಿ ಬಿಳೀದಾ, ನಿಮ್ಮ ನಾರೋ ಪಾಕನಾ?"

"ಬಿಳೀದನ್ನ ನಾನ್ಯಾವತ್ತು ಮುಟ್ಟಿದೀನಿ?"

"ಅದು ನನ್ನ ಬಟ್ಟೆ ಮೇಲೆ ಎಷ್ಟು ಸಲ ಚೆಲ್ಲಿಲ್ಲ? ಒದ್ದೆ ಬಟ್ಟೆ ಹಾಕಿ ಬಿಸಿ ಇಸ್ತ್ರಿ ಒತ್ತಿದ್ರೆ ಕರಗಿ ಬರತ್ತೆ. ಮೂವತ್ತೈದು ವರ್ಷದಿಂದ ತೆಗೀತಾ ಇದೀನಿ."

"ಬಟ್ಟೆ ಬೇರೆ, ಮರ ಬೇರೆ" ಎಂದ ಮೇಸ್ತ್ರಿ. "ಮರದೊಳಗೆ ಹೋದ್ರೆ ಅದು ಮರವೇ ಆಗಿಬಿಡತ್ತೆ. ಅಪ್ಪ ಹೇಳ್ತಿದ್ದ."

"ಯಾರಾದ್ರೂ ಬಿಚ್ಚಿ ನೋಡಿದ್ರಾ?" ಎಂದಳು ಸೊಸೆ. ಮಧ್ಯಾಹ್ನದಿಂದ ಅವನ ಜೊತೆ ಆಡಿದ ಮೊದಲ ಮಾತು.

ಸರೇಸು ಬಿಸಿಯಲ್ಲಿ ಕರಗುತ್ತದೆ ಎನ್ನುವುದು ದಿನಾ ಬೆಳಿಗ್ಗೆ ಕರಗಿಸುವವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ತನ್ನ ಕೀಲು ಯಾವತ್ತೂ ಬಿಡುವುದಿಲ್ಲ ಎನ್ನುವುದೂ ಗೊತ್ತಿತ್ತು. ಎರಡನ್ನೂ ಎದುರುಬದುರು ಕೂರಿಸಿ ನೋಡಿರಲಿಲ್ಲ, ಅಷ್ಟೆ.

ಹೆಂಡತಿ ಅಡುಗೆಮನೆಗೆ ಹೋಗಿ ಸ್ಟೂಲು ತಂದು ಮೇಜಿನ ಮೇಲೆ ಇಟ್ಟಳು. "ಇದು ಬೇಡ" ಎಂದ ಮೇಸ್ತ್ರಿ. ಅವಳು ಕೇಳಿಸಿಕೊಳ್ಳಲಿಲ್ಲ. ಕೀಲಿಗೆ ಒದ್ದೆ ಬಟ್ಟೆ ಸುತ್ತಿ, ಇಸ್ತ್ರಿ ಪೆಟ್ಟಿಗೆ ಒತ್ತಿದಳು. ಬಟ್ಟೆ ಒಣಗಿದರೆ ಮತ್ತೆ ನೆನೆಸಿ ಒತ್ತಿದಳು. ಸೊಸೆ ಕೆಟಲಿನ ಮೂತಿಯನ್ನು ಸಂದಿಗೆ ಹಿಡಿದು ಹಬೆ ಬಿಟ್ಟಳು. ಮನೆಯೆಲ್ಲ ಸರೇಸಿನ ನಾತ. ಮುಕ್ಕಾಲು ಗಂಟೆ ಕಳೆದಿರಬೇಕು, ಹೆಂಡತಿ ಸ್ಟೂಲಿನ ಕಾಲನ್ನು ಹಿಡಿದು ಸ್ವಲ್ಪ ತಿರುಚಿದಳು. ಎರಡನೇ ಮಹಡಿಯಿಂದ ಬಿದ್ದರೂ ಬಿಡದ ಕೀಲು ಮೆತ್ತಗೆ ಬಿಟ್ಟುಕೊಂಡು, ಕಾಲು ಅವಳ ಕೈಗೆ ಬಂತು.

ಸೊಸೆಯ ಮುಖದಲ್ಲಿ ಜೀವ ಬಂತು. ಮೇಸ್ತ್ರಿ ಮಾತ್ರ ಆ ಕಾಲನ್ನು ಕೈಗೆ ತೆಗೆದುಕೊಂಡು ಅದರ ನಾಲಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಸಂತೋಷಪಡಬೇಕೋ, ಅಳಬೇಕೋ ತಿಳಿಯಲಿಲ್ಲ. ಜೀವಮಾನದಲ್ಲಿ ಮಾಡಿದ ಮಂಚ, ಮೇಜು, ಬೆಂಚು, ತೊಟ್ಟಿಲುಗಳೆಲ್ಲ ಕಣ್ಣ ಮುಂದೆ ಬಂದವು. ಎಲ್ಲವನ್ನೂ ಒಂದು ಕೆಟಲು ಬಿಸಿನೀರಿನಲ್ಲಿ ಬಿಚ್ಚಬಹುದಾಗಿತ್ತು. ಹಾಗಾದರೆ ಇಷ್ಟು ವರ್ಷ ತಾನು ಜಂಬ ಪಟ್ಟದ್ದು ಯಾತಕ್ಕೆ? ಹೆಂಡತಿಗೆ ಅವನ ಮುಖ ಅರ್ಥವಾಯಿತು. "ಯಾರೂ ಬಿಚ್ಚೋಕೆ ಹೋಗ್ಲಿಲ್ಲ ಅಲ್ವಾ? ಅದು ನಿಮ್ಮ ಕೆಲ್ಸ ಚೆನ್ನಾಗಿದ್ದಿದ್ದಕ್ಕೆ, ಅಂಟು ಚೆನ್ನಾಗಿದ್ದಿದ್ದಕ್ಕಲ್ಲ" ಎಂದಳು. ಆ ಮಾತು ಅವನಿಗೆ ಪೂರ್ತಿ ತಿಳಿಯಲಿಲ್ಲ, ಆದರೂ ಎದ್ದು ಕೈ ತೊಳೆದುಕೊಂಡ.

ಭಾನುವಾರ ಬೆಳಗಿನಿಂದ ಟ್ಯಾಂಕಿನ ಪಕ್ಕ ಒಂದು ವಿಚಿತ್ರ ಕೆಲಸ ನಡೆಯಿತು. ಹೊಲಿಗೆಯ ಹೆಂಗಸರು ಮನೆಮನೆಯಿಂದ ಇಸ್ತ್ರಿ ಪೆಟ್ಟಿಗೆ ತಂದರು. ಪಂಪಿನ ಕೋಣೆಯಿಂದ ವೈರು ಎಳೆದರು. ಮೇಸ್ತ್ರಿಯೂ ಷಡ್ಡಕನೂ ಒಂದೊಂದೇ ಗೂಟ ತೆಗೆದು ತಟ್ಟುವುದು. ಸರಿದರೆ ಗೂಟ ವಾಪಸ್ಸು. ಸರಿಯದಿದ್ದರೆ ಸೊಸೆ ನಕ್ಷೆಯಲ್ಲಿ ಆ ಕೀಲಿಗೆ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕುವುದು. ಸುತ್ತು ಬಿದ್ದ ಕೀಲಿಗೆ ಒದ್ದೆ ಬಟ್ಟೆ, ಇಸ್ತ್ರಿ, ಗೂಟದ ತೂತಿನೊಳಗೆ ಹಬೆ. ಸ್ಟೂಲಿನ ಕಾಲಲ್ಲ ಇವು, ತೊಡೆ ಗಾತ್ರದ ಮರಗಳು. ಒಂದೊಂದಕ್ಕೆ ಅರ್ಧ ದಿನ ಹಿಡಿಯಿತು. ನಾಲ್ಕೈದು ಕೀಲುಗಳ ಹತ್ತಿರ ಒಟ್ಟಿಗೆ ಹೆಂಗಸರು ಏಣಿ ಹತ್ತಿ ಪಾಳಿಯ ಮೇಲೆ ನಿಂತರು. "ಮೇಸ್ತ್ರಿಗಳೇ, ನಮ್ಮನೆಯವರು ಅವರಮ್ಮನ ಮನೆಗೆ ಅಂಟಿಕೊಂಡಿದಾರೆ, ಹೀಗೇ ಇಸ್ತ್ರಿ ಹಾಕಿದ್ರೆ ಬಿಡ್ತಾರಾ?" ಎಂದು ಒಬ್ಬಳು ಕೇಳಿದಳು. ಷಡ್ಡಕನಿಗೂ ಬೈಗುಳ ಬಿತ್ತು. ನೋಡಿಯೂ ಬಾಯಿ ಬಿಡದೆ ಇದ್ದದ್ದು ಅವನ ಜೀವನದಲ್ಲಿ ಅದೊಂದೇ ಸಲವಂತೆ.

ಮೇಸ್ತ್ರಿ ನಗಲಿಲ್ಲ. ಮೊದಲನೇ ಚೌಕಟ್ಟು ಒಣ. ಎರಡು ಒಣ. ಮೂರು, ನಾಲ್ಕು, ಐದು, ಆರು, ಒಂದರಲ್ಲೂ ಅಂಟಿಲ್ಲ. ನಲವತ್ತೆಂಟು ಕೀಲುಗಳನ್ನು ತನ್ನ ಕೈ ಅವಳು ಹೇಳಿದ ಹಾಗೇ ಮಾಡಿತ್ತು. ಅಂದರೆ ಮರೆತದ್ದಲ್ಲ. ಮತ್ತೆ ಕೊನೆಯ ಎರಡಕ್ಕೆ ಬಂದಾಗ ಏನಾಯಿತು? ಏಳನೆಯದರಲ್ಲಿ ಆರು, ಎಂಟನೆಯದರಲ್ಲಿ ಐದು, ಒಟ್ಟು ಹನ್ನೊಂದು.

ಬುಧವಾರ ಮಧ್ಯಾಹ್ನ ಕೊನೆಯ ಕೀಲು ಬಿಚ್ಚಿಕೊಂಡಿತು. ಒಳಗಿನ ಅಂಟನ್ನು ಬಿಸಿನೀರಿನಿಂದ ಒರೆಸಿ, ನಾಲಗೆಗಳನ್ನು ಗಾಳಿಗೆ ಒಣಗಲು ಬಿಟ್ಟು, ಎಲ್ಲರೂ ಕಟ್ಟೆಯ ಮೇಲೆ ಚಹಾಕ್ಕೆ ಕೂತರು. ಸೊಸೆ ನಕ್ಷೆಯನ್ನು ಮಾವನ ಪಕ್ಕ ಹರಡಿದಳು. ಹನ್ನೊಂದು ಕೆಂಪು ಸುತ್ತುಗಳು, ಎಲ್ಲವೂ ಒಂದೇ ಮೂಲೆಯಲ್ಲಿ, ಕಿಟಕಿಯ ಕಡೆಯ ಮೂಲೆಯಲ್ಲಿ.

"ಇಲ್ಲೇನು ಬರತ್ತೆ ಅಂತ ನೆನಪಿದೆಯಾ ಮಾವ?"

ಮೇಸ್ತ್ರಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. ಸುತ್ತುಗಳ ಕೆಳಗೆ ಅವಳ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಅತ್ತೆಯ ಮಿಷನ್ನು, ಅತ್ತೆಯ ಕುರ್ಚಿ. ದಿನದಲ್ಲಿ ಎಂಟು ಗಂಟೆ ಹೆಂಡತಿ ಕೂರಲಿರುವ ಜಾಗ. ಆ ನಕ್ಷೆಯನ್ನು ಅವನು ನೂರು ಸಲ ನೋಡಿದ್ದ.

ಅಪ್ಪನ ಪ್ರಶ್ನೆಗೆ ತಾನು ಉತ್ತರ ಕೊಟ್ಟಿದ್ದೇನೆ ಎಂದು ಅವನಿಗೆ ಆಗ ಗೊತ್ತಾಯಿತು. ತನ್ನನ್ನೂ ಕೇಳದೆ ಕೈ ಉತ್ತರ ಕೊಟ್ಟಿತ್ತು. ಊರಿನವರೆಲ್ಲ ಒಣ ಕೀಲಿನ ಕೆಳಗೆ ಕೂರಬಹುದು, ಮಕ್ಕಳು ಆಡಬಹುದು, ಮುದುಕರು ಪೇಪರು ಓದಬಹುದು. ಇವಳೊಬ್ಬಳು ಕೂರುವ ಹಾಗಿಲ್ಲ. ಅವನಿಗೆ ನಾಚಿಕೆಯಾಯಿತು. ಸೊಸೆಯ ನಕ್ಷೆಯನ್ನು ನಂಬದೆ ಇದ್ದುದಕ್ಕೆ ನಾಚಿಕೆ, ಬೇರೆಯವರ ತಲೆಗೊಂದು ನ್ಯಾಯ ಇವಳ ತಲೆಗೊಂದು ನ್ಯಾಯ ಮಾಡಿದ್ದಕ್ಕೆ ನಾಚಿಕೆ, ಅರವತ್ತೆರಡನೇ ವಯಸ್ಸಿನಲ್ಲಿ ಎಲ್ಲರ ಎದುರು ಹೀಗೆ ಸಿಕ್ಕಿಬಿದ್ದದ್ದಕ್ಕೆ ನಾಚಿಕೆ. ಕಣ್ಣು ತುಂಬಿತು. ಚಹಾ ಬಿಸಿಯಿದೆ ಎಂದು ಹೇಳಿದ.

ಹೆಂಡತಿ ಅವನ ಭುಜದ ಮೇಲಿಂದ ನಕ್ಷೆ ನೋಡುತ್ತಿದ್ದಳು. ಓದಿದಳು, ಸುತ್ತುಗಳನ್ನು ಬೆರಳಿನಿಂದ ಎಣಿಸಿದಳು. ಮಾತಿಗೆ ಮಾತು ಕೊಡುವ ಹೆಂಗಸು ಅಂದು ಮಾತ್ರ ಲೋಟ ತೊಳೆಯುವ ನೆವದಲ್ಲಿ ನಲ್ಲಿಯ ಕಡೆ ಹೋದಳು.

ಗುರುವಾರ ಅಧಿಕಾರಿ ಬಂದವನೇ ನೇರವಾಗಿ ಏಳನೆಯದರ ಹತ್ತಿರ ಹೋಗಿ ಅದೇ ಕೀಲು ತೋರಿಸಿದ. ಗೂಟ ಬಂತು, ಮೂರು ತಟ್ಟಿಗೆ ನಾಲಗೆ ಹೊರಗೆ ಬಂತು. ಅವನು ಅದನ್ನು ಬೆರಳಿನಿಂದ ಮುಟ್ಟಿ, ಮೂಸಿಯೂ ನೋಡಿ, "ಸರಿ, ವಾಪಸ್ಸು ಕೂರಿಸಿ, ಅದನ್ನೂ ನೋಡಿಬಿಡ್ತೀನಿ" ಎಂದ.

ಮೇಸ್ತ್ರಿ ಏಣಿಯ ಮೇಲಿದ್ದ. ನಾಲಗೆಯನ್ನು ಬಾಯಿಗೆ ಹಿಡಿದ. ಎಡಗೈ ತಾನಾಗಿ ಪಕ್ಕಕ್ಕೆ ಚಾಚಿತು. ಅಲ್ಲಿ ಪಾತ್ರೆ ಇರಲಿಲ್ಲ. ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಕೈ ಗಾಳಿಯಲ್ಲಿ ನಿಂತಿತು. ಕೆಳಗೆ ಏನೋ ಎಳೆಯುವ ಸದ್ದಾಯಿತು. ಬಗ್ಗಿ ನೋಡಿದರೆ ಹೆಂಡತಿ ಮನೆಯಿಂದ ಆ ಸ್ಟೂಲು ತಂದಿದ್ದಳು. ಬಿಚ್ಚಿದ ಕಾಲನ್ನು ಹಾಗೇ ತೂತಿಗೆ ತುರುಕಿದ್ದಳು, ಅಂಟಿಲ್ಲ, ಗೂಟವೂ ಇಲ್ಲ. ಅದನ್ನು ಸರಿಯಾಗಿ ಆ ಕೀಲಿನ ಕೆಳಗೆ ಇಟ್ಟು, ಸೆರಗು ಸರಿಮಾಡಿಕೊಂಡು, ಅದರ ಮೇಲೆ ಕೂತಳು.

"ಏಳೇ ಅಲ್ಲಿಂದ" ಎಂದ ಮೇಸ್ತ್ರಿ.

"ನಾನು ದಿನಾ ಕೂರೋ ಜಾಗ ಇದು. ಬಡೀರಿ ನೀವು" ಎಂದಳು, ಮೇಲೆ ನೋಡದೆ.

ಅಧಿಕಾರಿ ಏನೋ ಹೇಳಲು ಹೊರಟ. ಸೊಸೆ ಬೇಡವೆಂದು ಕೈ ಅಡ್ಡ ಮಾಡಿದಳು. ಮೇಸ್ತ್ರಿಗೆ ಒಂದು ಕ್ಷಣ ಏಣಿಯಿಂದ ಇಳಿದುಬಿಡೋಣ ಎನಿಸಿತು. ಆಮೇಲೆ ಎಡಗೈಯನ್ನು ವಾಪಸ್ಸು ತಂದು ಮರದ ಮೇಲೆ ಇಟ್ಟು ಅದುಮಿ ಹಿಡಿದ. ನಾಲಗೆ ಬಾಯಿಯೊಳಗೆ ಕೂತಿತು. ಷಡ್ಡಕ ಮಾತಿಲ್ಲದೆ ಗೂಟ ಎತ್ತಿ ಕೊಟ್ಟ. ಮೇಸ್ತ್ರಿ ಗೂಟವನ್ನು ತೂತಿಗೆ ಹಿಡಿದು, ಕೆಳಗೆ ಹೆಂಡತಿಯ ಬೈತಲೆಯನ್ನು ಇನ್ನೊಮ್ಮೆ ನೋಡಿ, ಸುತ್ತಿಗೆ ಬೀಸಿದ. ಐದು ಏಟಿಗೆ ಗೂಟ ಪೂರ್ತಿ ಒಳಗೆ ಹೋಯಿತು.